ಬ್ರಷ್ ಮಕ್ಕಳ ಕೈಯಲ್ಲೇ ಇರಲಿ

ಕೇಳುಗರಿಗೆ ನಮಸ್ಕಾರ.

ಹತ್ತನೇ ಕ್ಲಾಸು ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಅಟ್ಟ ಸೇರುವುದು ಬಣ್ಣದ ಡಬ್ಬಿ. ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ ಅಂತ ಕೇಳುತ್ತೇವೆ. ಆಮೇಲೆ ನಾವೇ, 'ಇವನು ನಾಲ್ಕು ಜನರ ಮುಂದೆ ಬಾಯೇ ಬಿಡಲ್ಲ' ಅಂತ ಕೊರಗುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 10 ಜೀವನ ಕೌಶಲಗಳನ್ನು ಹೆಸರಿಸಿದೆ. ತೀರ್ಮಾನ ತೆಗೆದುಕೊಳ್ಳುವುದು, ತನ್ನನ್ನು ತಾನು ಅರಿಯುವುದು, ಸಿಟ್ಟು ಬೇಸರಗಳನ್ನು ನಿಭಾಯಿಸುವುದು, ಹೀಗೆ. ಅದನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದರೆ ಏನೂ ಬರಲ್ಲ. ಅದರ ಬದಲು ಆರೇಳು ಮಕ್ಕಳಿಗೆ ಚಿತ್ರ ಬರೆಯಲು ಶಾಲೆಯ ಒಂದು ಗೋಡೆ ಬಿಟ್ಟುಕೊಡಿ.

ಮೊದಲ ಜಗಳ ಏನು ಬರೆಯಬೇಕು ಅನ್ನುವುದಕ್ಕೇ. ಒಬ್ಬಳಿಗೆ ಕಾಫಿ ತೋಟ ಬೇಕು, ಒಬ್ಬನಿಗೆ ಸಂತೆ. ಆಗಲಿ ಬಿಡಿ, ಅವರೇ ಬಗೆಹರಿಸಿಕೊಳ್ಳಲಿ. ಆಮೇಲೆ ಹಾಳೆಯಲ್ಲಿ ಬರೆದ ಚಿತ್ರವನ್ನು ಗೋಡೆಗೆ ದೊಡ್ಡದಾಗಿ ಇಳಿಸಲು ಹಾಳೆಗೆ ಚೌಕ ಹಾಕಬೇಕು, ಎಣಿಕೆಯಲ್ಲಿ ಅಷ್ಟೇ ಚೌಕ ಗೋಡೆಗೂ ಹಾಕಬೇಕು. ದಾರವನ್ನು ನೀಲಿಯಲ್ಲಿ ಅದ್ದಿ, ಆ ತುದಿ ಈ ತುದಿ ಇಬ್ಬರು ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಗೆ ಗೆರೆ ಬೀಳುತ್ತದೆ. ಒಬ್ಬರ ಕೈ ಸಡಿಲವಾದರೂ ಗೆರೆ ಸೊಟ್ಟ. ಅಷ್ಟರಲ್ಲಿ ಹಸಿರು ಬಣ್ಣ ಖಾಲಿ! ಹೆಡ್ಮಾಸ್ಟರ್ ಹತ್ತಿರ ಹೋಗಿ ಕೇಳೋರು ಯಾರು? ಅಲ್ಲಿಯವರೆಗೆ ಮಾತೇ ಆಡದ ಹುಡುಗಿ ಹೋಗಬಹುದು. ಗೋಡೆ ಅವಳದೂ ಹೌದಲ್ವಾ?

ಇಲ್ಲಿ ಜೊತೆಗೆ ನಿಲ್ಲುವ ದೊಡ್ಡವರು ಬೇಕು. ಡ್ರಾಯಿಂಗ್ ಮೇಷ್ಟ್ರೇ ಆಗಬೇಕೆಂದಿಲ್ಲ. ಅಂಗಡಿ ಬೋರ್ಡ್ ಬರೆಯುವವರಾಗಲಿ, ಕಾಲೇಜು ಓದುವ ಅಕ್ಕನಾಗಲಿ, ವಾರವಾರ ತಪ್ಪದೆ ಬಂದರೆ ಸಾಕು. ಶಾಲೆಗೂ ಮನೆಯವರಿಗೂ ಗೊತ್ತಿರಬೇಕು, ನಾಲ್ಕು ಜನರ ಕಣ್ಣೆದುರೇ ಕೆಲಸ ನಡೆಯಬೇಕು. ಮಗುವಿನ ಕೈಯಿಂದ ಬ್ರಷ್ ಮಾತ್ರ ಕಿತ್ತುಕೊಳ್ಳಬೇಡಿ. ಒಂದು ಸಲ ನೀವು ತಿದ್ದಿದಿರೋ, ಆ ಚಿತ್ರ ನಿಮ್ಮದಾಯಿತು. ಸುಮ್ನೆ 'ಸೂಪರ್' ಅನ್ನುವುದೂ ಬೇಡ. 'ಈ ಮನೆಗೆ ಯಾಕೆ ಕಿಟಕಿ ಇಟ್ಟಿಲ್ಲ?' ಅಂತ ಕೇಳಿ ನೋಡಿ. ಉತ್ತರ ತಡವಾಗಿ ಬರುತ್ತದೆ, ಕಾಯಿರಿ. ಒಮ್ಮೊಮ್ಮೆ ಆ ಉತ್ತರದಲ್ಲಿ ಮನೆಯ ಕಷ್ಟವೂ ಬರಬಹುದು. ಆಗ ನೀವೇ ಡಾಕ್ಟರ್ ಆಗಬೇಡಿ. ಮಕ್ಕಳ ಸಹಾಯವಾಣಿ 1098 ಇದೆ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ.

ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ಇರಲಿ. ಆದರೆ ಅಲ್ಲಿ ಮೊದಲ ಬಹುಮಾನ ಒಬ್ಬರಿಗೆ. ಉಳಿದವರು 'ನನಗೆ ಬರಲ್ಲ' ಅಂದುಕೊಂಡು ಮನೆಗೆ ಹೋಗುವುದೇ ಜಾಸ್ತಿ.

ನಮ್ಮ ಹಾಸನ ಜಿಲ್ಲೆಯಲ್ಲೇ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಅದರ ಹೊರಗೋಡೆಯ ದಕ್ಷಿಣದ ಕಡೆ ಬೈಚೋಜನ ಕೆಲಸ, ಉತ್ತರದ ಕಡೆ ಮಲ್ಲಿತಮ್ಮನದು. ಒಂದೇ ಗುಡಿ, ಇಬ್ಬರು ಶಿಲ್ಪಿಗಳು. ಇಬ್ಬರ ಹೆಸರೂ ಅವರವರ ಮೂರ್ತಿಗಳ ಕೆಳಗೆ ಕಲ್ಲಿನಲ್ಲೇ ಇದೆ. ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ, ಆ ಅಕ್ಷರಗಳನ್ನು ಅವರೇ ಹುಡುಕಲಿ.

ಶಾಲೆಯ ಗೋಡೆಗಳ ಮೇಲೆ ದಾನಿಗಳ ಹೆಸರು ದಪ್ಪ ಅಕ್ಷರದಲ್ಲಿ ಇದ್ದೇ ಇರುತ್ತದೆ. ಚಿತ್ರ ಮುಗಿದ ಮೇಲೆ ಕೆಳಗೆ ಒಂದು ಸಾಲು ಜಾಗ ಬಿಡಿ. ಅಲ್ಲಿ ಮಕ್ಕಳು ತಮ್ಮ ಹೆಸರನ್ನು ತಾವೇ ಬರೆಯಲಿ. ಅಕ್ಷರ ಸೊಟ್ಟಗಾದರೂ ಪೇಂಟರನ್ನು ಕರೆಸಬೇಡಿ.

ನಮಸ್ಕಾರ.