ಸೋತ ಸುದ್ದಿ ತಡವಾಗಿ ಮುಟ್ಟಿದಾಗ

ಕೇಳುಗರಿಗೆ ನಮಸ್ಕಾರ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1919ರಲ್ಲಿ ಹೇರಿದ ವರ್ಸೇಲ್ಸ್ ಒಪ್ಪಂದ ಅಂದ ಕೂಡಲೇ ಹೈಸ್ಕೂಲಿನ ಎರಡು ಮಾರ್ಕಿನ ಪ್ರಶ್ನೆ ನೆನಪಾಗುತ್ತದೆ, ಅಲ್ವಾ? ‘ಒಪ್ಪಂದ ಕಠಿಣವಾಗಿತ್ತು, ಜರ್ಮನ್ನರು ಸಿಟ್ಟಾದರು.’ ಮಾರ್ಕು ಸಿಗುತ್ತಿತ್ತು, ನಿಜ. ಆದರೆ ಆ ಸಿಟ್ಟಿನ ಬೇರು ಇನ್ನೂ ಕೆಳಗಿದೆ. ತಾವು ಸೋತಿದ್ದೇವೆ ಅಂತ ಆ ಜನಕ್ಕೆ ಯಾರೂ ನೆಟ್ಟಗೆ ಹೇಳಿರಲಿಲ್ಲ.

1918ರ ಮಾರ್ಚಿನಲ್ಲಿ ಜರ್ಮನಿ ರಷ್ಯಾದ ಕೈಲಿ ತನಗೆ ಬೇಕಾದ ಹಾಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತ್ತು. ನವೆಂಬರಿನಲ್ಲಿ ಕದನ ನಿಂತಾಗಲೂ ಅದರ ಸೈನ್ಯ ಇದ್ದದ್ದು ಫ್ರಾನ್ಸ್, ಬೆಲ್ಜಿಯಂ ನೆಲದಲ್ಲಿ. ಡಿಸೆಂಬರಿನಲ್ಲಿ ಬರ್ಲಿನ್ನಿಗೆ ಮರಳಿದ ಸೈನಿಕರಿಗೆ ಹೊಸ ಸರ್ಕಾರದ ಮುಖ್ಯಸ್ಥ ಎಬರ್ಟ್ ಏನಂದರು ಗೊತ್ತೇ? ಯಾವ ಶತ್ರುವೂ ನಿಮ್ಮನ್ನು ಸೋಲಿಸಲಿಲ್ಲ ಅಂತ! ಹೊಟ್ಟೆಗಿಲ್ಲದೆ ಸೊರಗಿದ್ದ ಜನ ಇದನ್ನೇ ನಂಬಿದರು. ಅಮೆರಿಕದ ಅಧ್ಯಕ್ಷ ವಿಲ್ಸನ್ ಶಾಂತಿಗಾಗಿ ಹೇಳಿದ 14 ಅಂಶಗಳಂತೆ ಸಂಧಿಯಾಗುತ್ತದೆ ಎಂದು ಕಾದರು.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗ. 1919ರ ಮೇ 7. ವರ್ಸೇಲ್ಸ್‌ನ ಒಂದು ಹೋಟೆಲು. ಜರ್ಮನಿಯ ವಿದೇಶ ಮಂತ್ರಿ ಬ್ರಾಕ್‌ಡಾರ್ಫ್ ರಾಂಟ್ಸಾವ್ ಒಳಗೆ ಬಂದರು. ಅವರ ರೈಲನ್ನು ಬರುವಾಗ ಬೇಕೆಂದೇ ನಿಧಾನ ಓಡಿಸಿದ್ದರು, ಪಾಳುಬಿದ್ದ ಫ್ರೆಂಚ್ ಊರುಗಳು ಕಣ್ಣಿಗೆ ಬೀಳಲಿ ಅಂತ. ಫ್ರಾನ್ಸಿನ ಮುದುಕ ಪ್ರಧಾನಿ ಕ್ಲೆಮೆನ್ಸೊ ಎದ್ದು ನಿಂತು ಮಾತಾಡಿದರು. 440 ಕಲಮುಗಳ ಒಪ್ಪಂದದ ದಪ್ಪ ಪುಸ್ತಕ ಜರ್ಮನ್ನರ ಕೈಗೆ ಬಂತು. ರಾಂಟ್ಸಾವ್ ಉತ್ತರ ಕೊಟ್ಟರು, ಆದರೆ ಕುರ್ಚಿಯಿಂದ ಏಳಲೇ ಇಲ್ಲ! ಸೊಕ್ಕು ಅಂದರು ಕೆಲವರು. ಕಾಲು ನಡುಗುತ್ತಿತ್ತು ಅಂದರು ಇನ್ನು ಕೆಲವರು. ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ಸಿಟ್ಟಿಗೆ ಕೈಲಿದ್ದ ಕಾಗದ ಕತ್ತರಿಸುವ ಚಾಕುವನ್ನೇ ಮುರಿದರು. ಆ ಒಂದು ಕುರ್ಚಿಯಲ್ಲಿ ಇಡೀ ದೇಶ ಕೂತಿತ್ತು ನೋಡಿ. ಸೋತವರು ಎದ್ದು ನಿಲ್ಲುತ್ತಾರೆ. ಇವರಿಗೆ ಸೋತದ್ದು ಗೊತ್ತೇ ಇರಲಿಲ್ಲ.

ಮುಂದಿನದ್ದು ಬೇಗ ಹೇಳುತ್ತೇನೆ, ಸಮಯ ಕಮ್ಮಿ. ಮೇ 12ರಂದು ಜರ್ಮನಿಯ ಪ್ರಧಾನಿ ಷೈಡೆಮನ್ ಸಂಸತ್ತಿನಲ್ಲಿ, ಇಂಥ ಬೇಡಿ ತೊಡಿಸುವ ಕೈ ಸೇದಿಹೋಗದೆ ಇದ್ದೀತೇ ಅಂದರು. ನಮ್ಮ ಅಜ್ಜಿಯರು ಶಾಪ ಹಾಕುವ ಹಾಗೇ. ಜೂನ್ 20ಕ್ಕೆ ರಾಜೀನಾಮೆಯನ್ನೂ ಕೊಟ್ಟರು. ಎರಡೇ ದಿನಕ್ಕೆ ಅದೇ ಸಂಸತ್ತು 237ಕ್ಕೆ 138 ಮತಗಳಿಂದ ಒಪ್ಪಿತು. ಒಪ್ಪದಿದ್ದರೆ ಮತ್ತೆ ಯುದ್ಧ, ಇನ್ನೇನು ಮಾಡಿಯಾರು?

ಆಮೇಲೆ ಯುದ್ಧದಲ್ಲಿ ಜರ್ಮನ್ ಸೈನ್ಯ ನಡೆಸಿದ್ದ ಹಿಂಡನ್‌ಬರ್ಗ್ ಬಂದು, ಸೈನ್ಯ ಸೋಲಲಿಲ್ಲ, ಮನೆಯೊಳಗಿನವರೇ ಅದರ ಬೆನ್ನಿಗೆ ಇರಿದರು ಅಂದರು. ಜನ ನಂಬಿದರು. ಆದರೆ 1918ರಲ್ಲಿ ಕದನವಿರಾಮದ ಕಾಗದಕ್ಕೆ ಸಹಿ ಹಾಕಲು ಮುಂದೆ ತಳ್ಳಿದ್ದು ಎರ್ಜ್‌ಬರ್ಗರ್ ಎಂಬ ರಾಜಕಾರಣಿಯನ್ನು, ದಂಡನಾಯಕರು ಹಿಂದೆ ಉಳಿದಿದ್ದರು. 1921ರ ಆಗಸ್ಟಿನಲ್ಲಿ ಆತ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡಿನ ದಾರಿಯಲ್ಲಿ ಗೆಳೆಯನ ಜೊತೆ ಸುಮ್ನೆ ಅಡ್ಡಾಡುತ್ತಿದ್ದರು. ಇಬ್ಬರು ಬಂದು ಗುಂಡಿಟ್ಟು ಕೊಂದರು.