ಅಜ್ಜನ ಜೇಬಿನ ಚೀಟಿ

ಕೇಳುಗರಿಗೆ ನಮಸ್ಕಾರ.

ನಮ್ಮ ಅಜ್ಜ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದಾಗ ಅವರಿಗೆ 14 ವರ್ಷ. ಕೈಯಲ್ಲಿ ಬಟ್ಟೆಯ ಗಂಟು, ಜೇಬಿನಲ್ಲಿ ಊರಿನ ಮಾಷ್ಟ್ರು ಬರೆದುಕೊಟ್ಟ ಒಂದು ಚೀಟಿ. ‘ಹುಡುಗ ಪರಿಚಯದವನು, ಸ್ವಲ್ಪ ನೋಡಿಕೊಳ್ಳಿ.’ ಇಷ್ಟೇ ಇತ್ತಂತೆ ಅದರಲ್ಲಿ. ಆ ಚೀಟಿಯಿಂದ ಅವರಿಗೆ ಮಾಟುಂಗಾದ ಒಂದು ಹೋಟೆಲಿನಲ್ಲಿ ಕೆಲಸ ಸಿಕ್ಕಿತು, ಮಲಗಲು ಜಾಗ ಸಿಕ್ಕಿತು, ಆಮೇಲೆ ಕನ್ನಡ ರಾತ್ರಿ ಶಾಲೆಗೆ ಸೇರಿಸುವವರೂ ಸಿಕ್ಕಿದರು.

ನಾನು ಪೋರ್ಚುಗಲ್‌ನ ಲಿಸ್ಬನ್‌ಗೆ ಒಬ್ಬಳೇ ಹೋದಾಗ ನನ್ನ ಹತ್ತಿರ ಪಾಸ್‌ಪೋರ್ಟ್, ಕಾರ್ಡು, ಮ್ಯಾಪು ಎಲ್ಲ ಇತ್ತು, ಅಂಥ ಚೀಟಿ ಮಾತ್ರ ಇರಲಿಲ್ಲ. 28ನೇ ನಂಬರಿನ ಟ್ರಾಮ್ ಹತ್ತಿದೆ, ಬೆಲೇಮ್ ಗೋಪುರ ನೋಡಿದೆ. ಆರು ದಿನ ನಾನು ಮಾತಾಡಿದ್ದು ಬಿಲ್ ಕೊಡುವವರ ಜೊತೆ ಮಾತ್ರ. ಆ ಊರಿನವರು ಭಾನುವಾರ ಏನು ಮಾಡುತ್ತಾರೆ, ಮನೆಯಲ್ಲಿ ಮೀನು ಹೇಗೆ ಬೇಯಿಸುತ್ತಾರೆ, ಯಾರನ್ನು ಕೇಳಲಿ? ನಾನು ಆ್ಯಪ್ ವಿನ್ಯಾಸ ಮಾಡುವವಳು. ವಾಪಸ್ ಬಂದ ಮೇಲೆ ನಾವು ನಾಲ್ಕು ಜನ ಸೇರಿ, ಪರದೇಶಕ್ಕೆ ಹೋದವರಿಗೆ ಅಲ್ಲಿನವರ ಪರಿಚಯ ಮಾಡಿಸುವ ಆ್ಯಪ್ ಶುರು ಮಾಡಿದೆವು.

ಈ ಆಸೆ ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದು ನಾಲ್ಕು ವರ್ಷಕ್ಕೆ, 1949ರಲ್ಲಿ, ‘ಸರ್ವಾಸ್’ ಎಂಬ ಸಂಘಟನೆ ಹುಟ್ಟಿತು. ಬೇರೆ ದೇಶದವರ ಮನೆಯಲ್ಲಿ ಉಳಿದು, ಅವರ ಜೊತೆ ಕೂತು ಮಾತಾಡಿದರೆ ಜಗಳ ಕಡಿಮೆಯಾಗುತ್ತದೆ ಅನ್ನುವುದು ಅವರ ನಂಬಿಕೆ. ಅಲ್ಲಿ ಹೊಸಬರ ಜೊತೆ ಮೊದಲೇ ಮಾತಾಡಿ, ಪರಿಚಯ ಪತ್ರ ಕೊಟ್ಟು ಕಳಿಸುತ್ತಾರೆ. ಅಜ್ಜನ ಚೀಟಿಯೇ ಅಲ್ವಾ ಇದು! ಆಮೇಲೆ ಇಂಟರ್ನೆಟ್ ಬಂತು. ಕೇಸಿ ಫೆಂಟನ್ ಎಂಬ ಅಮೆರಿಕದ ಯುವಕ ಐಸ್‌ಲ್ಯಾಂಡ್‌ಗೆ ಹೋಗುವ ಮೊದಲು ಅಲ್ಲಿನ ಸುಮಾರು 1,500 ವಿದ್ಯಾರ್ಥಿಗಳಿಗೆ ಇಮೇಲ್ ಕಳಿಸಿ, ನಿಮ್ಮ ಮನೆಯಲ್ಲಿ ಇರಬಹುದಾ ಅಂತ ಕೇಳಿದ. ತುಂಬಾ ಜನ ಬಾ ಅಂದರು. ಅದರಿಂದ ಹುಟ್ಟಿದ್ದು ‘ಕೌಚ್‌ಸರ್ಫಿಂಗ್’, ಪ್ರವಾಸಿಗರಿಗೆ ಬೇರೆಯವರ ಮನೆಯಲ್ಲಿ ಉಳಿಯಲು ಜಾಗ ಹುಡುಕಿಕೊಡುವ ವೆಬ್‌ಸೈಟ್, 2004ರಲ್ಲಿ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು, ಅವನು ಮೊದಲು ಸುಮ್ನೆ ಕೇಳಿದ ಅನ್ನುವುದು.

ನಮ್ಮಲ್ಲಿ ಜಾಸ್ತಿ ಚರ್ಚೆ ಆಗಿದ್ದು ಫೋಟೋ ಬಗ್ಗೆ. ಆ್ಯಪ್ ತೆರೆದ ತಕ್ಷಣ ಮುಖಗಳ ಸಾಲು ಕಂಡರೆ ಅದು ಜೋಡಿ ಹುಡುಕುವ ಆ್ಯಪ್ ಆಗಿಬಿಡುತ್ತದೆ, ನೀವು ಎಷ್ಟೇ ‘ಸ್ನೇಹಕ್ಕಾಗಿ’ ಅಂತ ಬರೆದರೂ. ಒಂಟಿಯಾಗಿ ತಿರುಗುವ ಹೆಣ್ಣುಮಕ್ಕಳು ಎರಡೇ ದಿನಕ್ಕೆ ಅದನ್ನು ಅಳಿಸುತ್ತಾರೆ. ನಾನೂ ಅಳಿಸಿದ್ದೇನೆ. ಹಾಗಾಗಿ ನಮ್ಮದರಲ್ಲಿ ಮೊದಲು ಕಾಣುವುದು ಒಂದು ಕೆಲಸ. ‘ಭಾನುವಾರ ಬೆಳಿಗ್ಗೆ ಮೀನು ಮಾರ್ಕೆಟ್‌ಗೆ ಹೋಗುತ್ತೇನೆ, ಒಂದು ಗಂಟೆ, ಇಬ್ಬರು ಬರಬಹುದು.’ ಎರಡೂ ಕಡೆಯವರು ಒಪ್ಪಿದ ಮೇಲೆ ಮಾತ್ರ ಮುಖ.

ಇನ್ನೊಂದು, ದೂರ ತೋರಿಸುವುದು. ‘ನಿಮ್ಮಿಂದ 800 ಮೀಟರ್’ ಅಂತ ತೋರಿಸಿದರೆ ಏನು ತೊಂದರೆ ಅನ್ನಿಸುತ್ತದೆ. ಆದರೆ ಯಾರಾದರೂ ಮೂರು ಬೇರೆ ಬೇರೆ ಜಾಗದಿಂದ ಆ ದೂರ ನೋಡಿ, ಮ್ಯಾಪಿನ ಮೇಲೆ ಮೂರು ವೃತ್ತ ಎಳೆದರೆ, ಅವು ಸೇರುವ ಬಿಂದುವೇ ನಿಮ್ಮ ಮನೆ. ಜೋಡಿ ಹುಡುಕುವ ಆ್ಯಪ್ ಟಿಂಡರ್‌ನಲ್ಲಿ ಇಂಥ ದೋಷ ಇದ್ದದ್ದು 2014ರಲ್ಲಿ ಹೊರಗೆ ಬಂತು. ಅದನ್ನು ಓದಿದ ದಿನ ನನಗೆ ಹೊಟ್ಟೆ ತೊಳೆಸಿದ ಹಾಗಾಯಿತು. ನಮ್ಮ ಆ್ಯಪ್ ದೂರ ಹೇಳುವುದೇ ಇಲ್ಲ, ಬಡಾವಣೆಯ ಹೆಸರು ಮಾತ್ರ ಹೇಳುತ್ತದೆ, ಭೇಟಿಯೂ ಜನ ಓಡಾಡುವ ಜಾಗದಲ್ಲೇ.

ಮನೆಯಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆ ಸದ್ಯಕ್ಕೆ ಬೇಡ ಅಂದೆವು. ನಮ್ಮ ದೇಶದಲ್ಲಿ ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು, ತುಂಬಾ ಜನರಿಗೆ ಇದು ಗೊತ್ತೇ ಇರುವುದಿಲ್ಲ.

ಭೇಟಿ ಆದಮೇಲೆ ಅಭಿಪ್ರಾಯ ಬರೆಯುವುದೂ ಸೂಕ್ಷ್ಮವೇ. ಅವರು ನನ್ನ ಬಗ್ಗೆ ಕೆಟ್ಟದಾಗಿ ಬರೆದಾರು ಅಂತ ಹೆದರಿ ಎಲ್ಲರೂ ‘ತುಂಬಾ ಚೆನ್ನಾಗಿತ್ತು’ ಅಂತಲೇ ಬರೆಯುತ್ತಾರೆ. ಪ್ರವಾಸಿಗರಿಗೆ ಮನೆ, ಕೋಣೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2014ರಲ್ಲಿ ಇದಕ್ಕೆ ಒಂದು ದಾರಿ ಹುಡುಕಿತು. ಇಬ್ಬರೂ ಬರೆಯುವವರೆಗೆ, ಇಲ್ಲವೇ 14 ದಿನ ಕಳೆಯುವವರೆಗೆ, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಅದನ್ನೇ ನಾವೂ ತೆಗೆದುಕೊಂಡಿದ್ದೇವೆ. ನಕ್ಷತ್ರ ಕೊಡುವುದು ಮಾತ್ರ ಇಲ್ಲ. ಮನುಷ್ಯರಿಗೆ ಐದರಲ್ಲಿ ಮೂರೂವರೆ ಅಂತ ಅಂಕ ಕೊಡುವುದು ನನ್ನಿಂದ ಆಗುವುದಿಲ್ಲ. ‘ಮತ್ತೆ ಸಿಗುತ್ತೀರಾ?’ ಎಂಬ ಒಂದೇ ಪ್ರಶ್ನೆ ಇಟ್ಟಿದ್ದೇವೆ.

ಇನ್ನೂರು ಊರುಗಳಲ್ಲಿ ಒಬ್ಬೊಬ್ಬರು ಇದ್ದರೆ ಯಾರಿಗೂ ಯಾರೂ ಸಿಗುವುದಿಲ್ಲ. ಒಂದೇ ಊರಿನಲ್ಲಿ ಇನ್ನೂರು ಜನ ಇರಲಿ ಅಂತ ಮೊದಲು ಮುಂಬೈ ಹಿಡಿದಿದ್ದೇವೆ, ಅದರಲ್ಲೂ ಮಾಟುಂಗಾ. ಲಿಸ್ಬನ್ ಆಮೇಲೆ. ಇಲ್ಲಿಗೆ ಬರುವ ಪರದೇಶದವರಿಗೆ ಮೊದಲು ಚೀಟಿ ಕೊಡೋಣ.

ಈ ಶನಿವಾರ ಮೊದಲ ಪರೀಕ್ಷೆ. ನಾನು ಹಾಕಿರುವ ಸಾಲು ಇದು: ‘ಸಂಜೆ 5ಕ್ಕೆ ಮಾಟುಂಗಾದಲ್ಲಿ ಮಲ್ಲಿಗೆ ಕೊಳ್ಳಲು ಹೋಗುತ್ತೇನೆ, ಆಮೇಲೆ ಫಿಲ್ಟರ್ ಕಾಫಿ. ಇಬ್ಬರು ಬರಬಹುದು.’ ಪೋಲೆಂಡ್‌ನ ಒಬ್ಬ ನರ್ಸ್ ಬರುತ್ತೇನೆ ಅಂದಿದ್ದಾರೆ. ಇನ್ನೊಂದು ಜಾಗ ಖಾಲಿ ಇದೆ.

ನಮಸ್ಕಾರ.