ಬೆಕ್ಕಿಗೊಂದು ಅಟ್ಟ

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆಯ ನಮ್ಮ ಹಳೇ ಮನೆಯಲ್ಲಿ ಬೆಕ್ಕಿಗೆ ಅಂತ ಯಾರೂ ಏನನ್ನೂ ಮಾಡಿಕೊಟ್ಟಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಜಗಲಿಯಿಂದ ಅಡಿಕೆ ಚೀಲದ ಮೇಲೆ, ಅಲ್ಲಿಂದ ನಾಗಂದಿಗೆಗೆ, ನಾಗಂದಿಗೆಯಿಂದ ಅಟ್ಟಕ್ಕೆ. ಮಳೆಗಾಲದಲ್ಲಿ ಒಲೆಯ ಬಿಸಿ ಅಟ್ಟಕ್ಕೆ ಏರುತ್ತಿತ್ತು, ಬೆಕ್ಕೂ ಏರುತ್ತಿತ್ತು. ಇಲಿ ಹಿಡಿಯುವ ಉದ್ಯೋಗವೂ ಅಲ್ಲೇ ಇತ್ತೆನ್ನಿ.

ಈಗ ನಾವಿರುವುದು ಕಾರವಾರದಲ್ಲಿ. ಬಾಡಿಗೆ ಮನೆ, ಮೊದಲ ಮಹಡಿ. ರಾಷ್ಟ್ರೀಯ ಹೆದ್ದಾರಿ 66 ಕೂಗಳತೆಯಲ್ಲಿದೆ. ಹಾಗಾಗಿ ನಮ್ಮ ಬೂದಿ ಹೊರಗೆ ಹೋಗುವುದಿಲ್ಲ. ಬೂದಿ ಅಂದರೆ ಬೆಕ್ಕು, ಬಣ್ಣವೇ ಹೆಸರಾಯಿತು. ಹೊರಗೆ ಬಿಡದಿದ್ದರೂ ಹತ್ತುವ ಚಟ ಬಿಡಬೇಕಲ್ಲ? ಫ್ರಿಜ್ ಮೇಲೆ ಹತ್ತಿತು, ಟಿವಿಯ ನೆತ್ತಿ ಹುಡುಕಿತು. ಒಂದು ಸಂಜೆ ದೇವರ ಗೂಡಿನಲ್ಲಿ, ದೀಪದ ಪಕ್ಕದಲ್ಲೇ ಬಾಲ ಆಡಿಸುತ್ತ ಕೂತಿತ್ತು. ಅಮ್ಮ ಅಂದರು, "ಇದಕ್ಕೊಂದು ಅಟ್ಟ ಮಾಡಿಕೊಡು ಮಾರಾಯ. ಇಲ್ದಿದ್ರೆ ದೇವರಿಗೇ ಬೇರೆ ಮನೆ ನೋಡು."

ಬೆಕ್ಕು ಬೇಟೆಯಾಡುವ ಪ್ರಾಣಿ. ತನಗಿಂತ ದೊಡ್ಡವುಗಳಿಗೆ ತಾನೇ ಬೇಟೆಯಾಗುವ ಪ್ರಾಣಿಯೂ ಹೌದು. ಎತ್ತರದಲ್ಲಿ ಕೂತರೆ ಎಲ್ಲ ಕಾಣುತ್ತದೆ, ಹಿಂದಿನಿಂದ ಯಾರೂ ಬರುವುದಿಲ್ಲ. ದಿನಕ್ಕೆ 12ರಿಂದ 16 ಗಂಟೆ ಮಲಗುವ ಜೀವಕ್ಕೆ ಇಂಥ ಜಾಗ ಶೋಕಿಯಲ್ಲ.

ನಾನು ಮೊದಲು ಮಾಡಿದ್ದು ದಡ್ಡ ಕೆಲಸ. ಗೋಡೆಗೆ ತೂತು ಹೊಡೆದು, ಪ್ಲಾಸ್ಟಿಕ್ ಪ್ಲಗ್ ತುರುಕಿ, ಎರಡು ಬ್ರಾಕೆಟ್ ಮೇಲೆ ಹಲಗೆ ಕೂರಿಸಿದೆ. ನೋಡಲು ಚಂದವಾಗಿಯೇ ಇತ್ತು. ಆದರೆ ನಮ್ಮದು ಚಿರೆಕಲ್ಲಿನ ಗೋಡೆ. ಮೇಲೆ ಗಾರೆ ಇದ್ದರೂ ಒಳಗೆಲ್ಲ ಮೆದು, ತೂತು ತೂತು. ನಾಲ್ಕು ಕಿಲೋ ಬೆಕ್ಕು ಸುಮ್ನೆ ಕೂತರೆ ನಾಲ್ಕೇ ಕಿಲೋ, ಹಾರಿ ಬಿದ್ದಾಗ ಹಲಗೆಗೆ ತಾಗುವ ಪೆಟ್ಟು ಅದಕ್ಕಿಂತ ಎಷ್ಟೋ ಜಾಸ್ತಿ. ಮೂರನೇ ರಾತ್ರಿ ಧಡಾರ್! ಪ್ಲಗ್ಗು, ಕೆಂಪು ಪುಡಿ, ಹಲಗೆ, ಎಲ್ಲ ನೆಲದ ಮೇಲೆ. ಬೂದಿ ಮಾತ್ರ ಅಷ್ಟರಲ್ಲಿ ಮಂಚದಡಿ ಸೇರಿತ್ತು. ಮನೆ ಮಾಲೀಕರಿಗೆ ಆ ಎರಡು ತೂತಿನ ವಿಷಯ ಇನ್ನೂ ಗೊತ್ತಿಲ್ಲ. ಅವರು ರೇಡಿಯೋ ಕೇಳುವುದಿಲ್ಲ ಅಂದುಕೊಂಡಿದ್ದೇನೆ.

ಎರಡನೇ ಸಲ ಗೋಡೆಯ ಸಹವಾಸವೇ ಬೇಡ ಅಂದುಕೊಂಡೆ. ಊರಿಂದ ತಂದ ಹಳೇ ಹಲಸಿನ ಹಲಗೆ ಇತ್ತು, ಎರಡಡಿ ಉದ್ದ, 14 ಇಂಚು ಅಗಲ. ಹಿಂದಿನ ಅಂಚನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸರಳಿಗೆ ಬಿಗಿದು ಕಟ್ಟಿದೆ. ಮುಂದಿನ ಅಂಚಿಗೆ ಎರಡಿಂಚಿನ ರೀಪಿನಿಂದ ಎರಡು ಕಾಲು, ಅವೆರಡರ ನಡುವೆ ಒಂದು ಅಡ್ಡಪಟ್ಟಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ. ನಮ್ಮ ಉಪ್ಪು ಗಾಳಿಗೆ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಹಲಗೆ ಇಲ್ಲದಿದ್ದರೆ ಪ್ಲೈವುಡ್ ಆದೀತು, ಆದರೆ ಐಎಸ್ 710 ಗುರುತಿನ ಮರೀನ್ ಪ್ಲೈ ಕೇಳಿ. ಸಾದಾ ಪ್ಲೈ ಕರಾವಳಿಯ ಮಳೆಗಾಲಕ್ಕೆ ಹಪ್ಪಳದ ಹಾಗೆ ಉಬ್ಬುತ್ತದೆ. ಎಲ್ಲ ಆದ ಮೇಲೆ ಹತ್ತು ಕಿಲೋದ ಎರಡು ಅಕ್ಕಿ ಚೀಲ ಒಂದು ರಾತ್ರಿ ಅದರ ಮೇಲಿಟ್ಟೆ. ಅಲುಗಾಡಲಿಲ್ಲ.

ಕಾಲುಗಳಿಗೆ ಕತ್ತದ ಹಗ್ಗ ಒತ್ತೊತ್ತಾಗಿ ಸುತ್ತಿದೆ. ಈಗ ಉಗುರು ಕೆರೆಯುವುದು ಅಲ್ಲೇ, ಸೋಫಾ ಬದುಕಿತು. ನಾರು ಉದುರುತ್ತದೆ, ಗುಡಿಸಬೇಕು. ಹಲಗೆ ಜಾರದಂತೆ ಮೇಲೆ ಗೋಣಿ, ಅದರ ಮೇಲೆ ಕಂಬಳಿ. ಟ್ರಂಕಿನಿಂದ ತೆಗೆದ ಕಂಬಳಿಗೆ ನುಸಿ ಗುಳಿಗೆಯ ವಾಸನೆ ಇತ್ತು. ಆ ಗುಳಿಗೆ ಬೆಕ್ಕಿಗೆ ವಿಷ. ಒಗೆದು, ನಾಲ್ಕು ದಿನ ಬಿಸಿಲು ಕಾಣಿಸಿ ಹಾಸಿದೆ.

ಇನ್ನೊಂದು ತಪ್ಪು ಸ್ವಲ್ಪದರಲ್ಲೇ ತಪ್ಪಿತು. ಒರಲೆ ಹತ್ತದಿರಲಿ ಅಂತ ಮರಕ್ಕೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯುವುದು ನಮ್ಮ ಕಡೆ ಗೊತ್ತಿದ್ದದ್ದೇ. ನಾನೂ ಡಬ್ಬಿ ತೆಗೆದಿದ್ದೆ. ಕೈಗೆ ತಾಗಿದರೆ ಬೊಕ್ಕೆ ಏಳುವ ಎಣ್ಣೆ ಅದು. ಅದರಲ್ಲಿರುವುದು ಫೀನಾಲ್ ಜಾತಿಯ ರಾಸಾಯನಿಕ, ಅಂಥದ್ದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಡಿಮೆ. ಪಾದಕ್ಕೆ ಹತ್ತಿದ್ದನ್ನೆಲ್ಲ ಅದು ನೆಕ್ಕುತ್ತದೆ ಅಲ್ವಾ? ಡಬ್ಬಿ ಮುಚ್ಚಿಟ್ಟೆ, ಹಲಗೆ ಹಾಗೇ ಬರಿಮೈಯಲ್ಲಿದೆ. ಅಟ್ಟದ ಸುತ್ತ ಫಿನೈಲ್ ಹಾಕಿ ಒರೆಸುವುದನ್ನೂ ಬಿಟ್ಟಿದ್ದೇವೆ.

ಕಿಟಕಿಗೆ ನೈಲಾನ್ ಸೊಳ್ಳೆ ಪರದೆ ಇದ್ದರೆ ಅದನ್ನು ನಂಬಬೇಡಿ. ಕಾಗೆ ಕಂಡ ಬೆಕ್ಕು ಪರದೆ ನೋಡುವುದಿಲ್ಲ. ಸ್ಟೀಲ್ ಜಾಲರಿ ಹಾಕಿಸಿ.

ಹಲಗೆಯ ಪಕ್ಕದಲ್ಲೇ ಆರಡಿ ಕಪಾಟು ಇದೆ. ಅದರ ನೆತ್ತಿಯೂ ಈಗ ಬೂದಿಯದೇ. ಸಿಡಿಲು ಬಂದರೆ, ನೆಂಟರ ಮಕ್ಕಳು ಬಂದರೆ, ಅಲ್ಲಿಗೆ. ಹತ್ತುವುದು ಸುಲಭ, ಇಳಿಯುವುದೇ ಕಷ್ಟ. ಉಗುರು ಕೊಕ್ಕೆಯಂತೆ ಹಿಂದಕ್ಕೆ ಬಾಗಿರುವುದರಿಂದ ಹತ್ತುವಾಗ ಹಿಡಿತ ಸಿಗುತ್ತದೆ, ತಲೆ ಕೆಳಗೆ ಮಾಡಿ ಇಳಿಯುವಾಗ ಸಿಗುವುದಿಲ್ಲ. ನಡುವೆ ಹಲಗೆ ಇರುವುದರಿಂದ ಆರಡಿ ಮೇಲಿಂದ ಟೈಲ್ಸ್ ಮೇಲೆ ಒಮ್ಮೆಲೇ ಹಾರುವುದು ತಪ್ಪಿತು. ಬೆಕ್ಕಿಗೆ ವಯಸ್ಸಾಗಿದ್ದರೆ ಕೆಳಗೊಂದು ಸ್ಟೂಲೂ ಇಡಿ.

ಇಷ್ಟೆಲ್ಲ ಮಾಡಿದ ಮೇಲೂ ಮೂರು ದಿನ ಬೂದಿ ಅತ್ತ ತಿರುಗಿ ನೋಡಲಿಲ್ಲ. ಸ್ಕ್ರೂ ಬಂದಿದ್ದ ರಟ್ಟಿನ ಡಬ್ಬದಲ್ಲಿ ಮಲಗಿತ್ತು. ಎತ್ತಿ ಕೂರಿಸಿದರೆ ಇಳಿದು ಹೋಯಿತು. ನಾನೂ ಸುಮ್ಮನಾದೆ. ನಾಲ್ಕನೇ ಬೆಳಿಗ್ಗೆ ಬೀದಿಯಲ್ಲಿ ಮೀನಿನ ಅಕ್ಕನ ಕೂಗು ಕೇಳಿದ್ದೇ ತಡ, ಒಂದೇ ನೆಗೆತಕ್ಕೆ ಹಲಗೆಯ ಮೇಲಿತ್ತು. ಈಗ ಕೆಳಗಿನ ಮನೆಯವರು ಬಂಗಡೆ ಆರಿಸುವಾಗ ಮೇಲಿನಿಂದ ದಿನಾ ಇದರದ್ದೇ ಮೇಲ್ವಿಚಾರಣೆ. ವ್ಯಾಪಾರ ಮುಗಿಸಿ ಅಕ್ಕ ಬುಟ್ಟಿ ಎತ್ತುವ ಮೊದಲು ಕಿಟಕಿಯ ಕಡೆ ನೋಡಿ, ಎರಡು ತಾರ್ಲೆ ಬದಿಗಿಡುತ್ತಾಳೆ. ದುಡ್ಡು ಕೊಟ್ಟು ಬರುವುದು ನನ್ನ ಕೆಲಸ.

ನಮಸ್ಕಾರ.